ಸ್ಲೋ ಕುಕ್ಕರಿನಲ್ಲಿ ಕೆಟ್ಟ ಅಡುಗೆಗಳು, ಮತ್ತು ಅವನ್ನು ಸರಿಮಾಡಿಕೊಂಡ ಬಗೆ

ದುಬಾಯಿಯಿಂದ ಭಾವ ತಂದುಕೊಟ್ಟ ಸ್ಲೋ ಕುಕ್ಕರು (ಒಳಗೆ ಪಿಂಗಾಣಿ ಪಾತ್ರೆ ಇರುವ, ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಕುಕ್ಕರು) ಮೊದಲ ಒಂದು ವಾರ ಕಪಾಟಿನ ಮೇಲೆಯೇ ಕೂತಿತ್ತು. ಅದರ ಪ್ಲಗ್ಗಿನ ಮೂರು ಚಪ್ಪಟೆ ಕಡ್ಡಿಗಳು ಕಾಸರಗೋಡು ಕಡೆಯ ನಮ್ಮ ಬದಿಯಡ್ಕದ ಮನೆಯ ಯಾವ ಸಾಕೆಟ್ಟಿಗೂ ಹೋಗಲಿಲ್ಲ. ಪೇಟೆಯಿಂದ ಒಂದು ಅಡಾಪ್ಟರ್ ತಂದು ಹಾಕಿದ್ದಾಯಿತು. ದುಬಾಯಿಯದ್ದಾದರೆ ಅಷ್ಟೇ ತೊಂದರೆ, ಅಲ್ಲೂ ನಮ್ಮ ಹಾಗೆ 230 ವೋಲ್ಟಿನ ಕರೆಂಟೇ. ಅಮೆರಿಕದಿಂದ ಯಾರಾದರೂ ತಂದುಕೊಟ್ಟರೆ ಮಾತ್ರ ಅಡಾಪ್ಟರ್ ಸಿಕ್ಕಿಸಿ ಹಾಕಬೇಡಿ. ಅದು 120 ವೋಲ್ಟಿನದ್ದು, ಇಲ್ಲಿ ಹಾಕಿದರೆ ಹತ್ತಿರ ಹತ್ತಿರ ನಾಲ್ಕು ಪಟ್ಟು ಬಿಸಿಯಾಗಿ ಸುಟ್ಟೇ ಹೋಗುತ್ತದೆ.

ನಂತರದ ಎರಡು ತಿಂಗಳಲ್ಲಿ ನಾನು ಅದರಲ್ಲಿ ಮಾಡಿದ್ದೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಹಾಳಾಯಿತು. ಸೌತೆಕಾಯಿ ಕೊದಿಲು (ನಮ್ಮ ಕಡೆಯ ಸಾಂಬಾರು) ನೀರಾಯಿತು. ಹುರುಳಿ ಬೇಯಲೇ ಇಲ್ಲ. ಪಾಯಸ ಒಡೆಯಿತು. ಕುಚ್ಚಲಕ್ಕಿಯಂತೂ ಗೋಡೆಗೆ ಪೋಸ್ಟರ್ ಅಂಟಿಸಬಹುದಾದ ಹಾಗೆ ಆಗಿತ್ತು. ಈಗ ವಾರಕ್ಕೆ ಮೂರು ಸಲ ಬಳಸುತ್ತೇನೆ. ಹೇಗೆ ದಾರಿಗೆ ಬಂತು ಅನ್ನುವುದನ್ನು ಬರೆದಿದ್ದೇನೆ, ನಿಮ್ಮಲ್ಲೂ ಒಂದು ಕಪಾಟಿನ ಮೇಲೆ ಕೂತಿದ್ದರೆ ಓದಿ.

ಮೊದಲು ಅದು ಏನು ಮಾಡುವುದಿಲ್ಲ ಅಂತ ತಿಳಿದುಕೊಳ್ಳಿ

ಇದು ಪ್ರೆಶರ್ ಕುಕ್ಕರಿನ ತಮ್ಮ ಅಲ್ಲ. ಪ್ರೆಶರ್ ಕುಕ್ಕರಿನ ಒಳಗೆ ಬಿಸಿ ಸುಮಾರು 120 ಡಿಗ್ರಿಯವರೆಗೆ ಏರುತ್ತದೆ. ಸ್ಲೋ ಕುಕ್ಕರ್ ಎಷ್ಟು ಹೊತ್ತು ಇಟ್ಟರೂ 100ರ ಒಳಗೇ. ಅದರ ಸ್ವಿಚ್ಚಿನಲ್ಲಿರುವ ‘ಲೋ’ಗೆ ಕಡಿಮೆ ಬಿಸಿ, ‘ಹೈ’ಗೆ ಜಾಸ್ತಿ ಬಿಸಿ ಅಂತ ನಾನೂ ಅಂದುಕೊಂಡಿದ್ದೆ. ಹೆಚ್ಚಿನ ಕುಕ್ಕರುಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಹೆಚ್ಚುಕಡಿಮೆ ಒಂದೇ ಬಿಸಿಯನ್ನು. ಹೈ ಇಟ್ಟರೆ ಮೂರು ನಾಲ್ಕು ಗಂಟೆಯಲ್ಲಿ ಮುಟ್ಟುತ್ತದೆ, ಲೋ ಇಟ್ಟರೆ ಏಳೆಂಟು ಗಂಟೆ ಬೇಕು, ಅಷ್ಟೇ ವ್ಯತ್ಯಾಸ. ‘ವಾರ್ಮ್’ ಅನ್ನುವುದು ಬೆಂದದ್ದನ್ನು ಬಿಸಿಯಾಗಿ ಇಡುವುದಕ್ಕೆ, ಅದರಲ್ಲಿ ಬೇಯಿಸಲು ಹೋಗಬೇಡಿ.

ಅಂದರೆ ಅದರಲ್ಲಿ ಯಾವುದೂ ಕೊತಕೊತ ಕುದಿಯುವುದಿಲ್ಲ, ಯಾವುದೂ ಕೆಂಪಗೆ ಹುರಿಯುವುದಿಲ್ಲ, ನೀರು ಆರುವುದಿಲ್ಲ. ನಮ್ಮ ಅಡುಗೆಯ ರುಚಿ ನಿಂತಿರುವುದೇ ಈ ಮೂರರ ಮೇಲೆ ಅಲ್ವಾ? ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಸುರಿದು ಸ್ವಿಚ್ ಹಾಕಿ ತೋಟಕ್ಕೆ ಹೋದರೆ, ಬಂದಾಗ ಸಿಗುವುದು ಬೆಂದ ತರಕಾರಿಯ ಸ್ನಾನದ ನೀರು. ಹುರಿಯುವುದು, ಕುದಿಸುವುದು ಮೊದಲೇ ಒಲೆಯ ಮೇಲೆ ಆಗಬೇಕು. ಹುಳಿ, ಬೆಲ್ಲ, ಕಾಯಿ, ಒಗ್ಗರಣೆ ಕೊನೆಗೆ. ನಡುವಿನ ಕೆಲಸ ಮಾತ್ರ ಇದರದ್ದು.

ನೀರಾದ ಕೊದಿಲು

ಮಂಗಳೂರು ಸೌತೆ, ತೊಗರಿಬೇಳೆ, ಹುರಿದು ಅರೆದ ಮಸಾಲೆ, ಒಲೆಯ ಮೇಲೆ ಮಾಡುವಾಗ ಹಾಕುವಷ್ಟೇ ನೀರು. ಆರು ಗಂಟೆ ಲೋ. ಮುಚ್ಚಳ ತೆಗೆದಾಗ ಅತ್ತೆ ಸೌಟಿನಲ್ಲಿ ಎತ್ತಿ ನೋಡಿ, ಮತ್ತೆ ಬಿಟ್ಟು, ಮತ್ತೆ ಎತ್ತಿ, “ಇದೆಂತ ಮಾರಾಯ್ತಿ, ಕೊದಿಲೋ ನೀರೋ?” ಅಂದರು.

ಸೌತೆಕಾಯಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ ಇರುವುದು. ಬೇಯುವಾಗ ಅದು ಹೊರಗೆ ಬರುತ್ತದೆ. ಆವಿಯಾಗಿ ಮೇಲೆ ಹೋದದ್ದು ಮುಚ್ಚಳಕ್ಕೆ ತಾಗಿ ಮತ್ತೆ ಒಳಗೇ ತೊಟ್ಟಿಕ್ಕುತ್ತದೆ. ಆದ್ದರಿಂದ ನೀವು ಯಾವತ್ತೂ ಹಾಕುವ ನೀರಿನಲ್ಲಿ ಅರ್ಧ ಸಾಕು. ಸೌತೆ, ಕುಂಬಳ, ಬಸಳೆ, ಬದನೆಗೆ ಅರ್ಧಕ್ಕಿಂತಲೂ ಕಡಿಮೆ. ಗುಜ್ಜೆ (ಎಳೆ ಹಲಸಿನಕಾಯಿ), ಸುವರ್ಣಗೆಡ್ಡೆಗೆ ಮುಕ್ಕಾಲು ಹಾಕಬಹುದು.

ಈಗಾಗಲೇ ನೀರಾಗಿದ್ದರೆ ಮುಚ್ಚಳ ತೆಗೆದು ಹೈಯಲ್ಲಿ ಮುಕ್ಕಾಲು ಗಂಟೆ ಬಿಡಿ ಅಂತ ಹೇಳುವವರಿದ್ದಾರೆ. ಮಾಡಿ ನೋಡಿದೆ, ಆಗುತ್ತದೆ, ಆದರೆ ಹಸಿದವರು ಬಟ್ಟಲು ಹಿಡಿದು ಕಾಯಬೇಕು. ಅದಕ್ಕಿಂತ ತೆಳು ಸಾರನ್ನು ಬೇರೆ ಪಾತ್ರೆಗೆ ಬಸಿದು ಗ್ಯಾಸಿನ ಮೇಲೆ ಹತ್ತು ನಿಮಿಷ ಕುದಿಸಿ, ಬೇಳೆ ಸ್ವಲ್ಪ ಮಸೆದು ಸೇರಿಸಿ. ಅಥವಾ ಸುಮ್ನೆ ಅದನ್ನು ಬೋಳು ಸಾರು ಅಂತ ಕರೆದು ಬೆಳ್ಳುಳ್ಳಿ ಒಗ್ಗರಣೆ ಕೊಡಿ. ನಾನು ಅವತ್ತು ಮಾಡಿದ್ದು ಅದನ್ನೇ.

ಇನ್ನೊಂದು, ಹೋಳುಗಳು ಒಂದೇ ಸಮ ಬೇಯುವುದಿಲ್ಲ. ಗೆಡ್ಡೆ, ಬಟಾಟೆ, ಕ್ಯಾರೆಟ್ ಈ ಬಿಸಿಯಲ್ಲಿ ತುಂಬಾ ನಿಧಾನ. ಅವನ್ನು ಸಣ್ಣಗೆ ಹೆಚ್ಚಿ ಪಾತ್ರೆಯ ತಳದಲ್ಲಿ, ಬದಿಗೆ ತಾಗುವ ಹಾಗೆ ಹಾಕಿ. ಬೇಗ ಕರಗುವ ತರಕಾರಿ ಕೊನೆಯ ಅರ್ಧ ಗಂಟೆಗೆ ಸಾಕು.

ಬೇಯದ ಹುರುಳಿ

ಇದು ನನಗೆ ಅತಿ ಹೆಚ್ಚು ಬೇಜಾರು ತಂದದ್ದು, ಯಾಕೆಂದರೆ ಕಾಳು ಬೇಯಿಸುವುದಕ್ಕೆ ಅಂತಲೇ ಹುಟ್ಟಿದ ಪಾತ್ರೆ ಇದು. ಇರ್ವಿಂಗ್ ನ್ಯಾಕ್ಸನ್ ಎಂಬ ಅಮೆರಿಕದವನು 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅವನ ಅಮ್ಮ ಹೇಳುತ್ತಿದ್ದ ಕತೆಯಿಂದ ಹೊಳೆದದ್ದಂತೆ. ಲಿಥುವೇನಿಯಾದ ಯಹೂದಿ ಮನೆಗಳವರು ಶುಕ್ರವಾರ ಸಂಜೆ ಬೇಕರಿಯ ಒಲೆಯಲ್ಲಿ ಕಾಳಿನ ಪಾತ್ರೆ ಇಟ್ಟು ಮರುದಿನ ತೆಗೆಯುತ್ತಿದ್ದರು, ಅವರ ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಲ್ಲಿ ಬೆಂಕಿ ಹಚ್ಚುವ ಹಾಗಿಲ್ಲವಲ್ಲ. ಆಮೇಲೆ ಅದನ್ನು ಬೇರೆ ಕಂಪೆನಿ ಕೊಂಡುಕೊಂಡು 1971ರಲ್ಲಿ ಕ್ರಾಕ್-ಪಾಟ್ ಅಂತ ಹೆಸರಿಟ್ಟು ಮಾರಿತು. ನಮ್ಮ ಅಜ್ಜಿ ಮಣ್ಣಿನ ಅಳಗೆಯನ್ನು ರಾತ್ರಿ ಕೆಂಡದ ಮೇಲೆ ಬಿಟ್ಟು ಮಲಗುತ್ತಿದ್ದದ್ದೂ ಇದೇ ಲೆಕ್ಕ, ಪೇಟೆಂಟ್ ಮಾತ್ರ ತೆಗೆಸಲಿಲ್ಲ.

ಹೀಗಿದ್ದೂ ನನ್ನ ಹುರುಳಿ ಹತ್ತು ಗಂಟೆಯಾದರೂ ಹಲ್ಲಿಗೆ ಟಕ್ಕೆನ್ನುತ್ತಿತ್ತು. ತಪ್ಪು ನನ್ನದೇ. ಮೊದಲೇ ಹುಣಸೆಹುಳಿಯನ್ನೂ ಬೆಲ್ಲವನ್ನೂ ಹಾಕಿಬಿಟ್ಟಿದ್ದೆ. ಹುಳಿ ಇರುವ ನೀರಿನಲ್ಲಿ ಕಾಳಿನ ಒಳಗಿನ ಅಂಟು ಸಡಿಲವಾಗುವುದಿಲ್ಲ, ಬೆಲ್ಲವೂ ಗಟ್ಟಿ ಮಾಡುತ್ತದೆ. ಪ್ರೆಶರ್ ಕುಕ್ಕರಿನ ಬಿಸಿಯಲ್ಲಿ ಈ ತಪ್ಪು ಅಷ್ಟಾಗಿ ಗೊತ್ತಾಗುವುದಿಲ್ಲ. ಇಲ್ಲಿ ಗೊತ್ತಾಗುತ್ತದೆ. ಟೊಮೆಟೊ, ಪುನರ್ಪುಳಿ (ಕೋಕಂ), ಮಾವಿನಕಾಯಿಗೂ ಇದೇ ನಿಯಮ. ಕಾಳನ್ನು ಬೆರಳಲ್ಲಿ ಒತ್ತಿದರೆ ಹಿಸುಕಿ ಹೋಗಬೇಕು, ಹುಳಿ ಹಾಕುವುದು ಅದಾದ ಮೇಲೆಯೇ.

ಈಗ ಮಾಡುವುದು ಹೀಗೆ. ರಾತ್ರಿಯಿಡೀ ನೆನೆಸಿದ ಕಾಳಿನ ನೀರು ಚೆಲ್ಲಿ, ಹೊಸ ನೀರಿನಲ್ಲಿ ಗ್ಯಾಸಿನ ಮೇಲೆ ಹತ್ತು ಹದಿನೈದು ನಿಮಿಷ ಜೋರಾಗಿ ಕುದಿಸುತ್ತೇನೆ. ಆಮೇಲೆ ಸ್ಲೋ ಕುಕ್ಕರಿಗೆ ಸುರಿದು, ಕಾಳಿನ ಮೇಲೆ ಎರಡು ಬೆರಳಿನಷ್ಟು ನೀರು ನಿಲ್ಲಿಸಿ, ಹೈಯಲ್ಲಿ ನಾಲ್ಕೈದು ಗಂಟೆ. ಸುರಿಯುವ ಮೊದಲು ಪಿಂಗಾಣಿ ಪಾತ್ರೆಯಲ್ಲಿ ಬೆಚ್ಚಗಿನ ನೀರು ಒಂದು ಸುತ್ತು ತಿರುಗಿಸಿ ಚೆಲ್ಲಿ. ತಣ್ಣಗಿನ ಪಾತ್ರೆಗೆ ಕುದಿಯುವುದನ್ನು, ಬಿಸಿ ಪಾತ್ರೆಗೆ ತಣ್ಣೀರನ್ನು ಹಾಕಿದರೆ ಬಿರುಕು ಬಿಡುತ್ತದೆ. ಫ್ರಿಜ್ಜಿನಿಂದ ತೆಗೆದ ಪಾತ್ರೆಯನ್ನು ನೇರ ಒಳಗೆ ಇಡುವುದಂತೂ ಬೇಡ.

ಈ ಕುದಿಸುವ ಕೆಲಸವನ್ನು ಬಿಡಬೇಡಿ, ಮುಖ್ಯವಾಗಿ ರಾಜ್ಮಾಗೆ. ಹಸಿ ರಾಜ್ಮಾದಲ್ಲಿ ಒಂದು ವಿಷದ ಅಂಶ ಇದೆ. ಪೂರಾ ಕುದಿಯುವ ನೀರಿನಲ್ಲಿ ಅದು ಹೋಗುತ್ತದೆ, ಆದರೆ 80 ಡಿಗ್ರಿಯ ಸುತ್ತಮುತ್ತ ಸುಮ್ಮನೆ ಬಿಸಿ ಮಾಡಿದರೆ ಹೋಗುವ ಬದಲು ಜಾಸ್ತಿಯಾಗುತ್ತದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಮೂರು ಗಂಟೆಯೊಳಗೆ ವಾಂತಿ, ಭೇದಿ ಶುರುವಾಗಬಹುದು. ಐದು ಗಂಟೆಯಾದರೂ ನೆನೆಸಿ, ನೀರು ಚೆಲ್ಲಿ, ಕುದಿ ಬಂದ ಮೇಲೆ ಹತ್ತು ನಿಮಿಷಕ್ಕೆ ಕಡಿಮೆ ಮಾಡಬೇಡಿ. ನಾನು ಅರ್ಧ ಗಂಟೆ ಕುದಿಸುತ್ತೇನೆ, ಮನೆಯಲ್ಲಿ ಮಕ್ಕಳಿದ್ದಾರೆ.

ಸಪ್ಪೆ ಗಸಿ

ಕಡ್ಲೆ ಗಸಿ (ಕಾಯಿ ಅರೆದು ಹಾಕುವ ಮಂದ ಪದಾರ್ಥ) ನೋಡಲು ಚೆನ್ನಾಗಿತ್ತು. ಬಾಯಿಗೆ ಹಾಕಿದರೆ ನೀರುಳ್ಳಿಯ ಹಸಿ ವಾಸನೆ. ಹಸಿ ನೀರುಳ್ಳಿ ಇದರಲ್ಲಿ ಮೆತ್ತಗಾಗುತ್ತದೆಯೇ ಹೊರತು ಬಾಡುವುದಿಲ್ಲ. ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿದೇ ಹಾಕಬೇಕು. ಕೊತ್ತಂಬರಿ ಜೀರಿಗೆ ಮಸಾಲೆಯನ್ನು ಎಂಟು ಗಂಟೆ ಇಟ್ಟರೆ ಪರಿಮಳ ಎಲ್ಲ ಹೋಗಿಬಿಡುತ್ತದೆ (ಅಡುಗೆಮನೆ ತುಂಬಾ ಘಮಘಮ ಅಂದರೆ ಪಾತ್ರೆಯಲ್ಲಿ ಉಳಿದಿಲ್ಲ ಅಂತ ಅರ್ಥ). ಹಾಗಾಗಿ ಮಸಾಲೆಯ ಅರ್ಧವನ್ನು ಮೊದಲು, ಉಳಿದರ್ಧವನ್ನು ಕಾಯಿಯ ಜೊತೆ ಅರೆದು ಕೊನೆಗೆ ಹಾಕಿ. ಹಾಕಿ ಸುಮ್ಮನೆ ಮುಚ್ಚಬೇಡಿ, ಗ್ಯಾಸಿಗೆ ವರ್ಗಾಯಿಸಿ ಒಂದು ಕುದಿ ತೆಗೆಯಿರಿ. ಪಿಂಗಾಣಿ ಪಾತ್ರೆಯನ್ನೇ ಗ್ಯಾಸಿನ ಮೇಲೆ ಇಟ್ಟೀರಿ ಮತ್ತೆ!

ಪಾಯಸದ ಕತೆ ಚಿಕ್ಕದು. ಕಾಯಿಹಾಲನ್ನು ಮೊದಲೇ ಹಾಕಿದೆ, ನಾಲ್ಕು ಗಂಟೆಯಲ್ಲಿ ಎಣ್ಣೆ ಬೇರೆ ನೀರು ಬೇರೆ. ಮಜ್ಜಿಗೆ, ದನದ ಹಾಲು ಕೂಡ ಹಾಗೇ. ಕೊನೆಯ ಹದಿನೈದು ನಿಮಿಷ ಇರುವಾಗ ಹಾಕಿ. ಮೇಲಾರ (ಮಜ್ಜಿಗೆಹುಳಿ) ಮಾಡುವುದಾದರೆ ಹೋಳು ಬೇಯಿಸುವುದು ಮಾತ್ರ ಇದರಲ್ಲಿ.

ನಮ್ಮಲ್ಲಿ ಮಾಂಸ ಇಲ್ಲ. ಉಪ್ಪಳದ ಗೆಳತಿಯ ಅನುಭವದಲ್ಲಿ ಮೂಳೆ, ನಾರು ಜಾಸ್ತಿ ಇರುವ ಮಟನ್ ಬೆಣ್ಣೆಯಂತಾಗುತ್ತದೆ, ಕೋಳಿಯ ಎದೆಯ ತುಂಡು ಮಾತ್ರ ಹತ್ತಿಯಂತಾಗುತ್ತದೆ, ಕಾಲಿನ ತುಂಡೇ ಒಳ್ಳೆಯದು.

ವೋಲ್ಟೇಜ್, ಕರೆಂಟು, ಮುಚ್ಚಳ

ಇಷ್ಟೆಲ್ಲ ಸರಿಮಾಡಿದರೂ ಮಾರ್ಚ್ ತಿಂಗಳಲ್ಲಿ ಮತ್ತೆ ಎಲ್ಲ ಅರೆಬೆಂದದ್ದು. ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು, ಬೇಸಿಗೆಯಲ್ಲಿ ಸುತ್ತಲಿನ ಅಡಿಕೆ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ನಮ್ಮ ಮನೆಯ ಬಲ್ಬು ಮಂಕಾಗುತ್ತದೆ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ 200 ವಾಟಿನ ಕುಕ್ಕರ್ ಬರೀ 120 ವಾಟಿನಷ್ಟೇ ಕೆಲಸ ಮಾಡುತ್ತದೆ. ಮಿಕ್ಸಿ ಸೊರಗಿದರೆ ಕಿವಿಗೆ ಕೇಳಿಸುತ್ತದೆ, ಇದು ಸದ್ದಿಲ್ಲದೆ ಸೊರಗುತ್ತದೆ. ಅಂಥ ದಿನಗಳಲ್ಲಿ ಹೈಯಲ್ಲಿಯೇ ಇಡಿ, ಬಿಸಿ ನೀರಿನಿಂದಲೇ ಶುರುಮಾಡಿ. ನಮಗೆ ಗುಡ್ಡಕ್ಕೆ ಕೊರೆದ ಸುರಂಗದ ನೀರು ಪೈಪಿನಲ್ಲಿ ಬರುತ್ತದೆ, ಅದರ ತಣ್ಪು ಇಳಿಯುವುದಕ್ಕೇ ಕುಕ್ಕರಿಗೆ ಎಷ್ಟೋ ಹೊತ್ತು ಬೇಕು.

ನಿಮ್ಮ ಕುಕ್ಕರಿನ ಮೇಲೆ ಸಂಶಯ ಇದ್ದರೆ ಅರ್ಧ ಪಾತ್ರೆ ನೀರು ಹಾಕಿ, ಲೋ ಇಟ್ಟು, ಎಂಟು ಗಂಟೆ ಕಳೆದು ಮುಚ್ಚಳ ತೆಗೆದ ಕೂಡಲೇ ಅಡುಗೆಯ ಥರ್ಮಾಮೀಟರಿನಲ್ಲಿ ನೋಡಿ. 85ರಿಂದ 93 ಡಿಗ್ರಿ ಇದ್ದರೆ ಸರಿ. ಅದಕ್ಕಿಂತ ಕಡಿಮೆ ಇದ್ದರೆ ವೋಲ್ಟೇಜ್ ಸರಿ ಇರುವ ದಿನ ಇನ್ನೊಮ್ಮೆ ನೋಡಿ, ಆಗಲೂ ಕಡಿಮೆಯೇ ಆದರೆ ಅದರಲ್ಲಿ ಬೇಯಿಸುವುದು ಬೇಡ. 5ರಿಂದ 60 ಡಿಗ್ರಿಯ ನಡುವೆ ಆಹಾರ ಗಂಟೆಗಟ್ಟಲೆ ಕೂತರೆ ಕೆಡುತ್ತದೆ.

ಕರೆಂಟು ಹೋಗುವ ಊರಿನಲ್ಲಿ ರಾತ್ರಿಯಿಡೀ ಇಟ್ಟು ಮಲಗುವುದು ನನಗೆ ಇಷ್ಟವಿಲ್ಲ. ತಿರುಗಿಸುವ ಗುಬುಟು ಇರುವುದಾದರೆ ಕರೆಂಟು ಬಂದಾಗ ತಾನೇ ಶುರುವಾಗುತ್ತದೆ. ಗುಂಡಿ ಒತ್ತುವ ಡಿಜಿಟಲ್ ಜಾತಿಯವು ಎಷ್ಟೋ ಹಾಗೇ ಆರಿ ಕೂತಿರುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ಉಗುರುಬೆಚ್ಚಗಿನ ಕಡ್ಲೆ, ಎಷ್ಟು ಹೊತ್ತಿನಿಂದ ಹಾಗಿದೆ ಅಂತ ದೇವರಿಗೇ ಗೊತ್ತು. ಅದನ್ನು ಮತ್ತೆ ಕುದಿಸಿ ಉಳಿಸಲು ಹೋಗಬೇಡಿ, ಚೆಲ್ಲಿ. ನಾನು ಬೆಳಿಗ್ಗೆ ಏಳಕ್ಕೆ ಇಟ್ಟು ಮಧ್ಯಾಹ್ನಕ್ಕೆ ತೆಗೆಯುತ್ತೇನೆ, ಎದುರೇ ಇರುತ್ತದೆ.

ಮುಚ್ಚಳ ತೆಗೆದು ಇಣುಕುವುದೂ ಬೇಡ. ಒಮ್ಮೆ ತೆಗೆದರೆ ಹೋದ ಬಿಸಿ ತಿರುಗಿ ಬರಲು ಇಪ್ಪತ್ತು ಮೂವತ್ತು ನಿಮಿಷ. ಅತ್ತೆ ದಿನಕ್ಕೆ ಆರು ಸಲ ತೆಗೆದು ನೋಡುತ್ತಿದ್ದರು, ಲೆಕ್ಕ ನೀವೇ ಹಾಕಿ. ಪಾತ್ರೆ ಅರ್ಧದಿಂದ ಮುಕ್ಕಾಲಿನವರೆಗೆ ತುಂಬಿರಬೇಕು. ತಳದಲ್ಲಿ ಸ್ವಲ್ಪವೇ ಇದ್ದರೆ ಸೀದುಹೋಗುತ್ತದೆ.

ಕುಚ್ಚಲಕ್ಕಿ ಮಾತ್ರ ನಾನು ಕೈಬಿಟ್ಟೆ. ಹೊರಗೆ ಅಂಟು, ಒಳಗೆ ಗಟ್ಟಿ, ಬಸಿದು ತಿಳಿ ತೆಗೆಯಲೂ ಆಗದು. ಅದಕ್ಕೆ ನಮ್ಮ ಕಡೆ ಮನೆಮನೆಯಲ್ಲೂ ಇರುವ ಥರ್ಮಲ್ ಕುಕ್ಕರೇ ಸರಿ, ಮಲಯಾಳಿಗಳು ಚೂಡಾರಾಪ್ಪೆಟ್ಟಿ ಅನ್ನುವುದು. ಹತ್ತು ಹದಿನೈದು ನಿಮಿಷ ಕುದಿಸಿ ಪೆಟ್ಟಿಗೆಯೊಳಗೆ ಇಟ್ಟರೆ ಕರೆಂಟಿನ ಹಂಗಿಲ್ಲದೆ ಗಂಟೆಯೊಳಗೆ ಅನ್ನ.

ಆದರೆ ಹಲಸಿನ ಹಣ್ಣಿನ ಬೆರಟಿಗೆ (ಹಣ್ಣನ್ನು ಕಾಯಿಸಿ ಗಟ್ಟಿ ಮಾಡಿದ ಸಿಹಿ) ಇದರಷ್ಟು ಒಳ್ಳೆಯ ಪಾತ್ರೆ ಇಲ್ಲ. ಬಾಣಲೆಯಲ್ಲಾದರೆ ಅರ್ಧ ದಿನ ನಿಂತು ತಿರುವುತ್ತಾ, ಸಿಡಿದದ್ದು ಕೈಗೆ ಹಾರಿ ಸುಟ್ಟುಕೊಳ್ಳುತ್ತಾ ಮಾಡಬೇಕು. ಇದರಲ್ಲಿ ತೊಳೆಗಳನ್ನು ರುಬ್ಬಿ ಮುಕ್ಕಾಲು ಪಾತ್ರೆ ಹಾಕಿ, ಮೇಲೆ ಅಡ್ಡಲಾಗಿ ಎರಡು ಮರದ ಸೌಟು ಇಟ್ಟು ಅದರ ಮೇಲೆ ಮುಚ್ಚಳ ಇಡಿ, ಆವಿ ಹೊರಗೆ ಹೋಗಲಿ (ಮುಚ್ಚಳದ ಮಾತು ಇಲ್ಲಿಗೆ ಲೆಕ್ಕವಿಲ್ಲ). ಹೈಯಲ್ಲಿ ಎಂಟು ಹತ್ತು ಗಂಟೆ, ಗಂಟೆಗೊಮ್ಮೆ ಬಂದು ತಳದಿಂದ ತಿರುವಿದರೆ ಸಾಕು. ಮುದ್ದೆಯಾಗುತ್ತಾ ಬಂದಾಗ ಬಾಣಲೆಗೆ ಹಾಕಿ, ಬೆಲ್ಲ, ತುಪ್ಪ ಸೇರಿಸಿ, ತಳ ಬಿಡುವವರೆಗೆ ಮಗುಚಿ. ಹೋದ ವರ್ಷ ಮಾಡಿದ್ದನ್ನು ಅತ್ತೆ ಬೆರಳಲ್ಲಿ ತೆಗೆದು ಚೀಪಿದರು, ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಇನ್ನೊಂದು ಹಲಸಿನ ಹಣ್ಣು ತಂದಿಟ್ಟಿದ್ದರು.