ಕುರಿಯ ಗುಂಡಿಗೆಗೆ ನೀರು ತುಂಬಿಸಿ ಹೃದಯದ ಪಾಠ: ನನ್ನ ಅನುಭವ

ಹತ್ತನೇ ತರಗತಿಯ ಜೀವಕ್ರಿಯೆಗಳ ಪಾಠದಲ್ಲಿ ಹೃದಯದ ಚಿತ್ರ ಬರುತ್ತದೆ. ಮಕ್ಕಳು ಚೆನ್ನಾಗಿಯೇ ಬಿಡಿಸುತ್ತಾರೆ, ಭಾಗಗಳನ್ನು ಗುರುತಿಸುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ "ಕವಾಟ ಹೇಗೆ ಮುಚ್ಚಿಕೊಳ್ಳುತ್ತೆ, ಅದನ್ನ ಎಳೆಯೋರು ಯಾರು?" ಅಂತ ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಚಿತ್ರ ನೋಡಿ ಇದಕ್ಕೆ ಉತ್ತರ ಹೇಳುವುದು ಕಷ್ಟ. ನಿಜವಾದ ಹೃದಯಕ್ಕೆ ನೀರು ಹಾಕಿದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅದಕ್ಕೇ ಈ ಪಾಠಕ್ಕೆ ನಾನು ಮಟನ್ ಅಂಗಡಿಯಿಂದ ಕುರಿಯ ಗುಂಡಿಗೆ ತರುತ್ತೇನೆ. ಹೇಗೆ ಮಾಡುತ್ತೇನೆ ಅನ್ನುವುದನ್ನು ಬೇರೆ ಶಾಲೆಯ ವಿಜ್ಞಾನ ಶಿಕ್ಷಕರಿಗೂ ಉಪಯೋಗವಾಗುವ ಹಾಗೆ ಬರೆಯುತ್ತಿದ್ದೇನೆ.

ಕುರಿಯ ಹೃದಯ ಮನುಷ್ಯನದಕ್ಕಿಂತ ಚಿಕ್ಕದು. ಆದರೆ ರಚನೆ ಹೆಚ್ಚುಕಡಿಮೆ ಅದೇ. ನಾಲ್ಕು ಕೋಣೆ, ನಾಲ್ಕು ಕವಾಟ, ಅದೇ ದಾರಿ. ನಮ್ಮ ಹೃದಯ ಸುಮಾರು 300 ಗ್ರಾಂ ತೂಗುತ್ತದೆ, ಅವರವರ ಮುಷ್ಟಿಯಷ್ಟು ಇರುತ್ತದೆ.

ತರುವಾಗಲೇ ಒಂದು ಎಚ್ಚರ ಬೇಕು. ಅಂಗಡಿಯವರು ಗುಂಡಿಗೆಯನ್ನು ಅಡುಗೆಗೆ ಅಂತ ಕೊಡುವುದರಿಂದ ಮೇಲಿನ ನಾಳಗಳನ್ನೂ ತೆಳುವಾದ ಹೃತ್ಕರ್ಣಗಳನ್ನೂ (ಮೇಲಿನ ಎರಡು ಕೋಣೆಗಳು) ಕತ್ತರಿಸಿ ಬಿಸಾಡಿರುತ್ತಾರೆ. ಹಾಗಾಗಿ ಹಿಂದಿನ ದಿನವೇ ಹೇಳಿಡಬೇಕು. "ಅಣ್ಣಾ, ಮಕ್ಕಳಿಗೆ ತೋರಿಸೋಕೆ ಬೇಕು. ಮೇಲಿನ ಕೊಳವೆ ಎಲ್ಲಾ ಉದ್ದ ಬಿಟ್ಟು ಇಡೀದಾಗಿ ಕೊಡಿ, ಚಾಕು ಹಾಕ್ಬೇಡಿ" ಅಂತೀನಿ. ನಮ್ಮೂರಿನ ಅಂಗಡಿಯವರು ಈಗ ತಾವೇ ನೆನಪಿಟ್ಟುಕೊಂಡು ದೊಡ್ಡ ಕುರಿಯದ್ದನ್ನು ತೆಗೆದಿಡುತ್ತಾರೆ. ಆಗಷ್ಟೇ ಕೊಯ್ದದ್ದು ಬಿಗಿಯಾಗಿರುತ್ತದೆ, ಎಡಭಾಗವನ್ನು ಅದುಮುವುದಕ್ಕೇ ಆಗುವುದಿಲ್ಲ. ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಸಡಿಲವಾಗುತ್ತದೆ. ಒಳಗೆ ಹೆಪ್ಪುಗಟ್ಟಿದ ರಕ್ತವನ್ನು ನಲ್ಲಿಯ ಕೆಳಗೆ ಹಿಡಿದು ಬೆರಳಲ್ಲಿ ತೆಗೆದುಬಿಡಿ.

ತರಗತಿಯಲ್ಲಿ ಮೊದಲೇ ಕೇಳಿಕೊಳ್ಳುತ್ತೇನೆ. ಮನೆಯ ಪದ್ಧತಿಯಿಂದಲೋ ಮನಸ್ಸಿಗೆ ಹಿಡಿಸದೆಯೋ ಬೇಡ ಅನ್ನುವ ಮಕ್ಕಳು ಇರುತ್ತಾರೆ. ಅವರನ್ನು ಒತ್ತಾಯ ಮಾಡಬಾರದು. ಮುಂದೆ ಹೇಳುವ ಸ್ಟೆತಾಸ್ಕೋಪು ಮತ್ತು ಬಕೆಟ್ಟಿನ ಕೆಲಸ ಅವರಿಗೆ ಕೊಡುತ್ತೇನೆ, ಅದು ಯಾವ ರೀತಿಯಲ್ಲೂ ಕಡಿಮೆಯದ್ದಲ್ಲ.

ಚಾಕು ಹಿಡಿಯುವ ಮೊದಲು ಬೆರಳಿಗೆ ಕೆಲಸ. ಗುಂಡಿಗೆಯನ್ನು ಮೇಜಿನ ಮೇಲೆ ಇಟ್ಟು ಎರಡೂ ಬದಿ ಅದುಮಿ ನೋಡಲು ಹೇಳುತ್ತೇನೆ. ಒಂದು ಬದಿ ಹೆಬ್ಬೆರಳಿಗೆ ಮೆತ್ತಗೆ ಒಳಗೆ ಹೋಗುತ್ತದೆ, ಅದು ಬಲ. ಇನ್ನೊಂದು ಬದಿ ಗಟ್ಟಿ, ಜಗ್ಗುವುದೇ ಇಲ್ಲ, ಅದು ಎಡ. ಎರಡರ ನಡುವೆ ಮುಂಭಾಗದಲ್ಲಿ ಓರೆಯಾಗಿ ಕೊಬ್ಬಿನ ಗೆರೆಯೊಂದು ಇಳಿದಿರುತ್ತದೆ. ಆಮೇಲೆ ಮೇಲಿನ ನಾಳಗಳು. ಹೃದಯದಿಂದ ಮೈಗೆ ರಕ್ತ ಒಯ್ಯುವ ಮಹಾಪಧಮನಿಯ ಗೋಡೆ ದಪ್ಪ, ಒತ್ತಿ ಬಿಟ್ಟರೆ ಮತ್ತೆ ದುಂಡಗಾಗುತ್ತದೆ. ಮೈಯಿಂದ ರಕ್ತ ವಾಪಸು ತರುವ ಮಹಾಭಿಧಮನಿ ತೆಳು, ಮುದುಡಿ ಬಿದ್ದಿರುತ್ತದೆ. ಅದರೊಳಗೆ ಬೆರಳು ತೂರಿಸಿದರೆ ನೇರ ಬಲ ಹೃತ್ಕರ್ಣಕ್ಕೆ ಹೋಗುತ್ತದೆ, ಅಲ್ಲಿಂದ ಕೆಳಗಿನ ಕೋಣೆಯಾದ ಬಲ ಹೃತ್ಕುಕ್ಷಿಗೆ. ರಕ್ತ ಹೋಗುವ ದಾರಿಯಲ್ಲೇ ಬೆರಳು ಹೋಗಿಬರುತ್ತದೆ. ಈ ದಾರಿಯನ್ನು ಬಾಯಿಪಾಠ ಮಾಡಿಸುವ ಅಗತ್ಯ ಆಮೇಲೆ ಬೀಳುವುದಿಲ್ಲ.

ಇನ್ನು ನೀರಿನ ಕೆಲಸ. ಇಡೀ ಪಾಠದಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ. ಎಡ ಹೃತ್ಕರ್ಣದ ಮೇಲ್ಭಾಗವನ್ನು ಕತ್ತರಿಯಿಂದ ತೆಗೆಯುತ್ತೇನೆ. ಆಗ ದ್ವಿದಳ ಕವಾಟ ಮೇಲಿನಿಂದ ಕಾಣುತ್ತದೆ. ಬಿಳಿಚಿಕೊಂಡ ಎರಡು ತೆಳು ಪೊರೆಗಳು, ಹೊಳೆಯುತ್ತಿರುತ್ತವೆ, ಜೋತುಬಿದ್ದಿರುತ್ತವೆ. ಅವುಗಳ ನಡುವೆ ನೀರು ಹಾಕಿದರೆ ಯಾವ ತಡೆಯೂ ಇಲ್ಲದೆ ಕೆಳಗಿಳಿದು ಹೃತ್ಕುಕ್ಷಿ ತುಂಬುತ್ತದೆ. ತುಂಬುತ್ತಾ ಬಂದಂತೆ ಪೊರೆಗಳು ತಾವಾಗಿಯೇ ತೇಲಿ ಮೇಲೆ ಬರುತ್ತವೆ. ಈಗ ಹೃತ್ಕುಕ್ಷಿಯನ್ನು ಅಂಗೈಯಲ್ಲಿ ಹಿಡಿದು ಅದುಮಬೇಕು. ಎರಡೂ ಪೊರೆ ಒಂದಕ್ಕೊಂದು ಅಂಟಿಕೊಂಡು ಉಬ್ಬುತ್ತವೆ, ನೀರು ಮಹಾಪಧಮನಿಯಿಂದ ಚಿಮ್ಮುತ್ತದೆ. ಮುಂದಿನ ಬೆಂಚಿನವರಿಗೆ ಮೊದಲೇ ಹೇಳಿಡಿ, ಒದ್ದೆಯಾಗುತ್ತಾರೆ. ಕೈಯಲ್ಲಿ ಅದುಮಲು ಆಗದಿದ್ದರೆ ತುದಿಯಲ್ಲಿ ಸಣ್ಣ ತೂತು ಮಾಡಿ ದೊಡ್ಡ ಸಿರಿಂಜಿನಿಂದ ನೀರು ತಳ್ಳಿದರೂ ಕವಾಟ ಮುಚ್ಚುವುದು ಕಾಣುತ್ತದೆ.

ಕವಾಟವನ್ನು ಎಳೆದು ಮುಚ್ಚುವವರು ಯಾರೂ ಇಲ್ಲ. ಪೊರೆಗೆ ಸ್ವಂತ ಶಕ್ತಿ ಇಲ್ಲ. ರಕ್ತ ಬರುವ ಕಡೆಯ ಒತ್ತಡ ಜಾಸ್ತಿಯಾದರೆ ತೆರೆಯುತ್ತದೆ, ರಕ್ತ ಹೋಗುವ ಕಡೆಯದು ಜಾಸ್ತಿಯಾದರೆ ಮುಚ್ಚುತ್ತದೆ. ನಾಲ್ಕೂ ಕವಾಟಗಳ ಕಥೆ ಇಷ್ಟೇ.

ಹಾಗಾದರೆ ಅಷ್ಟು ಒತ್ತಡಕ್ಕೆ ಪೊರೆ ಮೇಲಕ್ಕೆ ಮಗುಚಿಕೊಳ್ಳಬೇಕಲ್ವಾ? ಜೋರು ಗಾಳಿಗೆ ಕೊಡೆ ಮೇಲ್ಮುಖವಾಗಿ ತಿರುಗಿಕೊಳ್ಳುವ ಹಾಗೆ? ಈ ಪ್ರಶ್ನೆ ಬಂದ ಮೇಲೆಯೇ ನಾನು ಹೃತ್ಕುಕ್ಷಿಯನ್ನು ಉದ್ದಕ್ಕೆ ಸೀಳುತ್ತೇನೆ. ಒಳಗೆ ಬಿಳಿ ದಾರಗಳು ಕಾಣುತ್ತವೆ. ಒಂದು ತುದಿ ಪೊರೆಯ ಅಂಚಿಗೆ, ಇನ್ನೊಂದು ತುದಿ ಗೋಡೆಯಿಂದ ಮೇಲೆದ್ದ ಸ್ನಾಯುವಿನ ಗುಬುಟಿಗೆ. ಬೆರಳಲ್ಲಿ ಮೀಟಿ ನೋಡಲು ಹೇಳುತ್ತೇನೆ. ಅಷ್ಟು ಸಣ್ಣ ದಾರವಾದರೂ ಎಳೆದರೆ ಸುಲಭಕ್ಕೆ ಕಿತ್ತು ಬರುವುದಿಲ್ಲ. ಹೃತ್ಕುಕ್ಷಿ ಕುಗ್ಗುವಾಗ ಆ ಗುಬುಟಿಗಳೂ ಕುಗ್ಗಿ ದಾರಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಪೊರೆ ಮಗುಚದಂತೆ ತಡೆಯುತ್ತವೆ.

ಮಹಾಪಧಮನಿಯ ಬುಡದ ಕವಾಟದಲ್ಲಿ ದಾರಗಳಿಲ್ಲ, ಅರ್ಧಚಂದ್ರದ ಆಕಾರದ ಮೂರು ಪೊರೆಗಳಷ್ಟೇ. ಮೇಲಿನಿಂದ ನೀರು ಹಾಕಿದರೆ ಮೂರೂ ತುಂಬಿಕೊಂಡು ನಡುವೆ ಸೇರುತ್ತವೆ, ನೀರು ಅಲ್ಲೇ ನಿಲ್ಲುತ್ತದೆ. ಆದರೂ ಸ್ವಲ್ಪ ಹೊತ್ತಿಗೆ ಮಟ್ಟ ಇಳಿಯತೊಡಗುತ್ತದೆ. ಕವಾಟ ಸೋರುತ್ತಿದೆ ಅಂದುಕೊಳ್ಳಬೇಡಿ. ಪೊರೆಗಳ ಮೇಲೆ ಗೋಡೆಯಲ್ಲಿ ಎರಡು ಪುಟ್ಟ ರಂಧ್ರಗಳಿವೆ, ಟಾರ್ಚು ಹಾಕಿದರೆ ಕಾಣುತ್ತವೆ. ಹೃದಯಕ್ಕೇ ರಕ್ತ ಕೊಡುವ ಕರೊನರಿ ನಾಳಗಳು ಹೊರಡುವುದು ಅಲ್ಲಿಂದ. ಎಡ ಹೃತ್ಕುಕ್ಷಿಯ ಗೋಡೆಗೆ ಈ ರಕ್ತ ಹೆಚ್ಚಾಗಿ ಸಿಗುವುದು ಹೃದಯ ಸಡಿಲವಾದಾಗ. ಬಿಗಿಯಾದಾಗ ಸ್ನಾಯುವೇ ತನ್ನೊಳಗಿನ ನಾಳಗಳನ್ನು ಅದುಮಿಬಿಡುತ್ತದೆ. ಹೃದಯಾಘಾತದಲ್ಲಿ ಸಾಮಾನ್ಯವಾಗಿ ಕಟ್ಟಿಕೊಳ್ಳುವುದು ಇದೇ ನಾಳಗಳ ಕವಲು. ಕೋಣೆಯ ತುಂಬ ರಕ್ತವಿದ್ದರೂ ಗೋಡೆಗೆ ರಕ್ತವಿಲ್ಲದೆ ಸ್ನಾಯು ಸಾಯುತ್ತದೆ. ಇದನ್ನು ಹೇಳಿದಾಗ ಮಕ್ಕಳು ಮನೆಯ ಹಿರಿಯರ ವಿಷಯ ಎತ್ತುತ್ತಾರೆ. ಆಗ ಪಾಠ ಮುಂದಕ್ಕೆ ಓಡಿಸದೆ ಕೇಳಿಸಿಕೊಳ್ಳುತ್ತೇನೆ.

ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯನ್ನು ಚೆನ್ನಾಗಿ ಒತ್ತಿ ನೋಡಿಸಿ. ಎರಡನೇ ಶತಮಾನದಲ್ಲಿ ರೋಮ್‌ನಲ್ಲಿದ್ದ ವೈದ್ಯ ಗೇಲನ್, ಈ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಬಲದಿಂದ ಎಡಕ್ಕೆ ಜಿನುಗುತ್ತದೆ ಅಂದಿದ್ದ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜನ ನಂಬಿದರು. 13ನೇ ಶತಮಾನದಲ್ಲಿ ಕೈರೋದಲ್ಲಿದ್ದ ವೈದ್ಯ ಇಬ್ನ್ ಅಲ್-ನಫೀಸ್, ಗೋಡೆ ಗಟ್ಟಿಯಾಗಿದೆ, ರಂಧ್ರ ಇಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಎಡಕ್ಕೆ ಬರಬೇಕು ಅಂತ ಬರೆದ. ದಪ್ಪನೆಯ ಆ ಮಾಂಸವನ್ನು ಕೈಯಲ್ಲಿ ಹಿಡಿದ ಮಗುವಿಗೆ ಅವನ ಮಾತು ತಕ್ಷಣ ಹಿಡಿಸುತ್ತದೆ.

ಲಂಡನ್ನಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಮುಂದಿಟ್ಟ ಲೆಕ್ಕವನ್ನು ನಾವು ಬಕೆಟ್ಟಿನಲ್ಲಿ ಮಾಡುತ್ತೇವೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ. ಲೋಟಕ್ಕೆ 70ರ ಗುರುತು ಹಾಕಿ, ಒಂದು ಬಕೆಟ್ಟಿನಿಂದ ಇನ್ನೊಂದಕ್ಕೆ ನಿಮಿಷಕ್ಕೆ 72 ಸಲ ನೀರು ಹಾಕಬೇಕು. ಒಬ್ಬರು ಎಣಿಸುತ್ತಾರೆ, ಒಬ್ಬರು ಸುರಿಯುತ್ತಾರೆ. ನಿಮಿಷ ಮುಗಿದಾಗ ಸುಮಾರು 5 ಲೀಟರ್. ದೊಡ್ಡವರ ಮೈಯಲ್ಲಿರುವ ಒಟ್ಟು ರಕ್ತವೂ ಹತ್ತಿರ ಹತ್ತಿರ ಅಷ್ಟೇ. ಅಂದರೆ ಹೊಸ ರಕ್ತ ಹುಟ್ಟಿ ಹುಟ್ಟಿ ಖರ್ಚಾಗುತ್ತಿಲ್ಲ, ಇದ್ದದ್ದೇ ಸುತ್ತಿ ಬರುತ್ತಿದೆ. ಹಾರ್ವೆಯ ವಾದವೂ ಇದೇ. ರಕ್ತ ಅಪಧಮನಿಯಿಂದ ಅಭಿಧಮನಿಗೆ ದಾಟುವ ಲೋಮನಾಳಗಳನ್ನು ಅವನು ನೋಡಲಿಲ್ಲ. 1661ರಲ್ಲಿ ಇಟಲಿಯ ವಿಜ್ಞಾನಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಅವುಗಳನ್ನು ಕಂಡ.

ಇಲ್ಲಿ ಮಕ್ಕಳ ಒಂದು ತಪ್ಪು ಕಲ್ಪನೆ ತಿದ್ದಬೇಕು. ಮೊದಲು ಬಲಭಾಗ ಬಡಿಯುತ್ತದೆ, ರಕ್ತ ಶ್ವಾಸಕೋಶಕ್ಕೆ ಹೋಗಿ ಬರುತ್ತದೆ, ಆಮೇಲೆ ಎಡಭಾಗ ಬಡಿಯುತ್ತದೆ ಅಂದುಕೊಂಡಿರುತ್ತಾರೆ. ಪುಸ್ತಕದಲ್ಲಿ ದಾರಿಯನ್ನು ಹಾಗೆ ಒಂದಾದ ಮೇಲೆ ಒಂದು ಬರೆದಿರುವುದರಿಂದ ಅದು ಸಹಜವೇ. ನಿಜದಲ್ಲಿ ಎರಡೂ ಹೃತ್ಕರ್ಣ ಒಟ್ಟಿಗೆ, ಎರಡೂ ಹೃತ್ಕುಕ್ಷಿ ಒಟ್ಟಿಗೆ ಕುಗ್ಗುತ್ತವೆ. ಒಂದು ಬಡಿತಕ್ಕೆ ಸುಮಾರು 0.8 ಸೆಕೆಂಡು. ಹೃತ್ಕುಕ್ಷಿಗಳು ಕುಗ್ಗುವುದು ಅದರಲ್ಲಿ 0.3 ಮಾತ್ರ, ಉಳಿದದ್ದು ಬಿಡುವು. ಆ ಬಿಡುವಿನಲ್ಲಿ ಹೃತ್ಕರ್ಣ ಒತ್ತುವ ಮೊದಲೇ ಹೃತ್ಕುಕ್ಷಿಯ ಹೆಚ್ಚಿನ ಭಾಗ ತುಂಬಿರುತ್ತದೆ. ಸ್ಟೆತಾಸ್ಕೋಪಿನಲ್ಲಿ ಕೇಳುವ ‘ಲಬ್’ ಹೃತ್ಕರ್ಣ, ಹೃತ್ಕುಕ್ಷಿಗಳ ನಡುವಿನ ಎರಡು ಕವಾಟ ಮುಚ್ಚುವಾಗಿನದ್ದು, ‘ಡಬ್’ ಅಪಧಮನಿಗಳ ಬುಡದ ಎರಡು ಮುಚ್ಚುವಾಗಿನದ್ದು. ನೀರಿನಲ್ಲಿ ಕವಾಟ ನೋಡಿದವರಿಗೆ ಈ ಸದ್ದು ಬೇರೆಯೇ ಥರ ಕೇಳಿಸುತ್ತದೆ, ಅವರ ಮುಖ ನೋಡಿದರೇ ಗೊತ್ತಾಗುತ್ತದೆ.

"ಮೇಡಂ, ಇದಕ್ಕೆ ಬಡಿ ಅಂತ ಹೇಳೋರು ಯಾರು?" ಅನ್ನುವ ಪ್ರಶ್ನೆಗೆ ತೋರಿಸಲು ಕೈಯಲ್ಲಿ ಏನೂ ಇಲ್ಲ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಪುಟ್ಟ ಗಂಟಿನಿಂದ ವಿದ್ಯುತ್ ಸಂಕೇತ ಹೊರಡುತ್ತದೆ. ಅದು ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. ಮಿದುಳಿನ ನರಗಳು ವೇಗವನ್ನು ಹೆಚ್ಚುಕಡಿಮೆ ಮಾಡುತ್ತವೆ ಅಷ್ಟೇ, ಬಡಿತ ಹೃದಯದ್ದೇ.

ಸಮಯ ಉಳಿದರೆ ಬಲ ಹೃತ್ಕರ್ಣವನ್ನು ಬಿಡಿಸಿ, ಎರಡು ಹೃತ್ಕರ್ಣಗಳ ನಡುವಿನ ಗೋಡೆಯ ಹಿಂದೆ ಟಾರ್ಚು ಹಿಡಿಯುತ್ತೇನೆ. ಒಂದು ಕಡೆ ಮಾತ್ರ ತೆಳುವಾಗಿ ಬೆಳಕು ಹಾಯುತ್ತದೆ. ಹೊಟ್ಟೆಯಲ್ಲಿರುವ ಮರಿಗೆ ಶ್ವಾಸಕೋಶದ ಉಸಿರಾಟ ಇಲ್ಲದ್ದರಿಂದ ರಕ್ತ ಅಲ್ಲಿದ್ದ ಕಿಂಡಿಯ ಮೂಲಕ ನೇರ ಎಡಕ್ಕೆ ಹೋಗುತ್ತಿತ್ತು. ಹುಟ್ಟಿದ ಮೇಲೆ ಮುಚ್ಚಿಕೊಂಡಿದೆ. ಮನುಷ್ಯರಲ್ಲೂ ಹೀಗೆಯೇ. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅದು ಪೂರ್ತಿ ಬೆಸೆದುಕೊಂಡಿರುವುದಿಲ್ಲ, ಹೆಚ್ಚಿನವರಿಗೆ ಅದರಿಂದ ತೊಂದರೆಯೂ ಇಲ್ಲ.

ಸಾಧ್ಯವಾದರೆ ಎರಡು ಗುಂಡಿಗೆ ತರಿಸಿಕೊಳ್ಳಿ. ಒಂದನ್ನು ಉದ್ದಕ್ಕೆ ಸೀಳಿದ ಮೇಲೆ ಅಡ್ಡಕ್ಕೆ ಕೊಯ್ದು ತೋರಿಸಲು ಆಗುವುದಿಲ್ಲ, ಅಡ್ಡಕೊಯ್ತವನ್ನು ಬಿಡಲೂ ಬಾರದು. ಮಧ್ಯಕ್ಕೆ ಅಡ್ಡವಾಗಿ ಕೊಯ್ದರೆ ಎಡ ಹೃತ್ಕುಕ್ಷಿ ದುಂಡಗೆ, ದಪ್ಪ ಗೋಡೆಯೊಂದಿಗೆ ನಡುವೆ ಇರುತ್ತದೆ. ಬಲದ್ದು ತೆಳುವಾಗಿ ಅದರ ಪಕ್ಕಕ್ಕೆ ಸುತ್ತಿಕೊಂಡಿರುತ್ತದೆ. ಸ್ಕೇಲು ಕೊಟ್ಟು ಮಕ್ಕಳಿಂದಲೇ ಅಳೆಸುತ್ತೇನೆ. ಮನುಷ್ಯರಲ್ಲಿ ಎಡಗೋಡೆ ಸುಮಾರು 1 ಸೆಂಟಿಮೀಟರ್, ಬಲದ್ದು ಅದರ ಮೂರನೇ ಒಂದು ಭಾಗ. ಎರಡೂ ಕಡೆಯಿಂದ ಹೊರಡುವ ರಕ್ತ ಮಾತ್ರ ಒಂದೇ ಅಳತೆ. ಬಲದ್ದು ಪಕ್ಕದ ಶ್ವಾಸಕೋಶಕ್ಕೆ ಸುಮಾರು 25 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ತಳ್ಳಿದರೆ ಸಾಕು, ಎಡದ್ದು ಇಡೀ ಮೈಗೆ 120ರಲ್ಲಿ ತಳ್ಳಬೇಕು. ಬಿಪಿ ನೋಡುವಾಗ ವೈದ್ಯರು ಹೇಳುವ ಮೇಲಿನ ಅಂಕಿ ಬರುವುದು ಈ ದಪ್ಪ ಗೋಡೆಯಿಂದ. ಅದು ವರ್ಷಗಟ್ಟಲೆ ಜಾಸ್ತಿಯೇ ಇದ್ದರೆ ಗೋಡೆ ಇನ್ನೂ ದಪ್ಪವಾಗಿ ಬಿಗಿಯಾಗುತ್ತದೆ, ಒಳಗೆ ರಕ್ತ ಸಲೀಸಾಗಿ ತುಂಬಲು ಬಿಡುವುದಿಲ್ಲ. ಅಡ್ಡಕೊಯ್ತ ಎದುರಿಗಿದ್ದಾಗ ಇದನ್ನು ವಿವರಿಸಲು ಎರಡು ನಿಮಿಷ ಸಾಕು.

ಪಾಠ ಮುಗಿದ ಮೇಲೆ ಮೇಜು, ಕತ್ತರಿ, ಚಾಕುಗಳನ್ನು ಸೋಪುನೀರಿನಲ್ಲಿ ತೊಳೆದು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಒರೆಸಿ. ತುಂಡುಗಳನ್ನು ನಾಯಿ ಅಗೆಯದಷ್ಟು ಆಳಕ್ಕೆ ಹೂಳಿಸಿ. ಮಕ್ಕಳು ಮೊಣಕೈವರೆಗೂ ಕೈ ತೊಳೆದ ಮೇಲೆಯೇ ಬಿಸಿಯೂಟಕ್ಕೆ ಬಿಡಿ.