ಹೊತ್ತು ನೋಡಿ ಹೊರಡಿ: ಹುಬ್ಬಳ್ಳಿ–ಧಾರವಾಡದ ಅಂಗಡಿ, ಖಾನಾವಳಿಗಳನ್ನು ಸುತ್ತುವ ಬಗೆ

ಹುಬ್ಬಳ್ಳಿ–ಧಾರವಾಡಕ್ಕೆ ಮೊದಲ ಸಲ ಬರುವವರು ಸಾಮಾನ್ಯವಾಗಿ ಒಂದು ಪಟ್ಟಿ ಹಿಡಿದುಕೊಂಡು ಬರುತ್ತಾರೆ: ಪೇಡೆ, ಸಾವಜಿ ಊಟ, ಗಿರ್ಮಿಟ್, ಇಳಕಲ್ ಸೀರೆ. ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಈ ಊರಿನಲ್ಲಿ ಎಲ್ಲಿಗೆ ಹೋಗಬೇಕು ಎಂಬುದಕ್ಕಿಂತ ಯಾವ ಹೊತ್ತಿಗೆ ಹೋಗಬೇಕು ಎಂಬುದೇ ಮುಖ್ಯ. ಮಧ್ಯಾಹ್ನ ಮೂರೂವರೆಗೆ ಖಾನಾವಳಿಗೆ ಹೋದವರಿಗೆ ತಣ್ಣಗಾದ ಪಲ್ಯ ಸಿಗುತ್ತದೆ, ಬೆಳಿಗ್ಗೆ ಹತ್ತಕ್ಕೆ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋದವರಿಗೆ ಗಿರ್ಮಿಟ್‌ನ ಗಾಡಿಯೇ ಕಾಣುವುದಿಲ್ಲ.

ಎರಡು ಊರುಗಳ ನಡುವೆ ಸುಮಾರು 20 ಕಿಲೋಮೀಟರ್ ಅಂತರವಿದೆ. ಬಾಡಿಗೆ ಕಾರು ಬೇಕಿಲ್ಲ. ರಸ್ತೆಯ ನಡುವೆ ತನ್ನದೇ ಪಥದಲ್ಲಿ ಓಡುವ ‘ಚಿಗರಿ’ ಬಸ್ಸು ಸಾಕು. ಚಿಗರಿ ಎಂದರೆ ಈ ಕಡೆಯ ಮಾತಿನಲ್ಲಿ ಜಿಂಕೆ. ರೈಲಿನಲ್ಲಿ ಬರುವವರು ಹುಬ್ಬಳ್ಳಿಯಲ್ಲಿ ಇಳಿಯುವಾಗ ತಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಳ್ಳುವುದು ಒಳಿತು. 2023ರಲ್ಲಿ ಉದ್ಘಾಟನೆಯಾದ ಇಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದ್ದು, ಹೊರಬಾಗಿಲು ತಲುಪುವಷ್ಟರಲ್ಲಿ ಹಸಿವಾಗಿಬಿಡುತ್ತದೆ.

ಮೊದಲ ಊಟವನ್ನು ಶಾಕಾಹಾರಿ ಖಾನಾವಳಿಯಲ್ಲಿ ಮಾಡಿ. ಹನ್ನೆರಡೂವರೆಯಿಂದ ಎರಡರ ಒಳಗೆ ಹೋದರೆ ರೊಟ್ಟಿ ಬಡಿಯುವ ಸದ್ದು ಒಳಗಿನಿಂದ ಇನ್ನೂ ಕೇಳಿಸುತ್ತಿರುತ್ತದೆ. ಕುಳಿತ ಕೂಡಲೇ “ಬಿಸಿ ರೊಟ್ಟಿನೋ, ಕಡಕ್ ರೊಟ್ಟಿನೋ?” ಎಂಬ ಪ್ರಶ್ನೆ ಬರುತ್ತದೆ. ಮೊದಲು ಬಿಸಿಯದನ್ನು ಎಣ್ಣೆಗಾಯಿಯ ಜೊತೆ ತಿಂದು, ಆಮೇಲೆ ಕಡಕ್ ರೊಟ್ಟಿಯನ್ನು ಮುರಿದು, ಶೇಂಗಾ ಚಟ್ನಿಗೆ ಗಟ್ಟಿ ಮೊಸರು ಕಲಸಿಕೊಂಡು ತಿನ್ನುವುದು ನನ್ನ ಕ್ರಮ. ಗುರೆಳ್ಳು ಚಟ್ನಿಯನ್ನು ಕೇಳಿ ಹಾಕಿಸಿಕೊಳ್ಳಿ. ಬಡಿಸುವವರನ್ನು ‘ಅಣ್ಣಾರ’, ‘ಅಕ್ಕಾರ’ ಎಂದು ಕರೆದು, ಮಾತಿನ ಕೊನೆಗೊಂದು ‘ರೀ’ ಸೇರಿಸಿದರೆ ಎರಡನೆಯ ಸಲ ಪಲ್ಯ ತಾನಾಗಿಯೇ ಬರುತ್ತದೆ. “ಸಾಕ್ರೀ” ಎಂದು ಒಮ್ಮೆ ಹೇಳಿದರೆ ಮಾತ್ರ ನಂಬುವುದಿಲ್ಲ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯಬೇಕಾಗುತ್ತದೆ.

ಸಾವಜಿ ಊಟವನ್ನು ರಾತ್ರಿಗೆ ಇಟ್ಟುಕೊಳ್ಳಿ. ಮೂಲತಃ ನೇಕಾರಿಕೆಯ ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರ ಮನೆಯಡುಗೆಯೇ ಈ ಮಾಂಸಾಹಾರಿ ಖಾನಾವಳಿಗಳಿಗೆ ಬಂದಿರುವುದು. ಖಾರದ ವಿಷಯದಲ್ಲಿ ಶೌರ್ಯ ತೋರಿಸುವುದು ಬೇಡ. ಮೊದಲು ರಸವನ್ನಷ್ಟೇ ರೊಟ್ಟಿಯ ತುದಿಗೆ ಹಚ್ಚಿ ರುಚಿ ನೋಡಿ, ಆಮೇಲೆ ಖೀಮಾ ಉಂಡೆಯನ್ನೋ ಮಟನ್ನನ್ನೋ ಹೇಳಿ.

ಸಂಜೆ ಐದೂವರೆಯ ನಂತರ ದುರ್ಗದಬೈಲಿಗೆ ಬನ್ನಿ. ಗಿರ್ಮಿಟ್ ಮಾಡುವವನ ಎದುರೇ ನಿಂತು ನೋಡಿ. ಅಗಲ ಬೋಗುಣಿಗೆ ಚುರುಮುರಿ ಸುರಿದು, ಉಳ್ಳಾಗಡ್ಡಿ ಬಾಡಿಸಿ ಹುಣಸೆಹುಳಿ–ಬೆಲ್ಲದಲ್ಲಿ ಕುದಿಸಿದ ಗೊಜ್ಜನ್ನು ಹಾಕಿ, ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಿ, ಕೈಯಿಂದಲೇ ನಾಲ್ಕು ಸಲ ತಿರುವಿ ಹಾಕುತ್ತಾನೆ. ಹಿಟ್ಟು ಹಸಿಯನ್ನು ಹೀರಿಕೊಳ್ಳುವುದರಿಂದ ಚುರುಮುರಿ ಸ್ವಲ್ಪ ಹೊತ್ತು ಗರಿಗರಿಯಾಗಿರುತ್ತದೆ. ಆ ಸ್ವಲ್ಪ ಹೊತ್ತಿನಲ್ಲೇ, ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ ಭಜಿಯ ಜೊತೆ, ನಿಂತಲ್ಲೇ ತಿನ್ನಬೇಕು. ಪಾರ್ಸೆಲ್ ಕಟ್ಟಿಸಿಕೊಂಡು ಹೋಟೆಲ್ ಕೋಣೆಯಲ್ಲಿ ತಿನ್ನುತ್ತೇನೆ ಎನ್ನುವವರು ಬೇರೆ ಏನಾದರೂ ಕಟ್ಟಿಸಿಕೊಳ್ಳುವುದೇ ಲೇಸು.

ಬಟ್ಟೆಯ ವ್ಯಾಪಾರಕ್ಕೆ ಮಾತ್ರ ಸಂಜೆ ಹೋಗಬಾರದು. ಅದಕ್ಕೆ ಹಗಲ ಬೆಳಕು ಬೇಕು. ಅಂಗಡಿ ತೆರೆದು ಗಿರಾಕಿಗಳು ಇನ್ನೂ ಕಡಿಮೆ ಇರುವಾಗ ಜವಳಿ ಸಾಲಿಗೆ ಹೋಗಿ. ಇಳಕಲ್ ಸೀರೆ ತೆಗೆಸುವಾಗ ಸೆರಗು ಮತ್ತು ಒಡಲು ಸೇರುವ ಜಾಗವನ್ನು ಬಿಡಿಸಿ ನೋಡಿ: ಕೈಮಗ್ಗದ ಸೀರೆಯಲ್ಲಿ ಎರಡರ ಹಾಸುನೂಲುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಿರುತ್ತಾರೆ. ನೂಲು ರೇಷ್ಮೆಯೋ, ಚಮಕಾ ಎಂದು ಕರೆಯುವ ಕೃತಕ ರೇಷ್ಮೆಯೋ ಎಂದು ನೇರವಾಗಿ ಕೇಳಿ. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಕುಪ್ಪಸಕ್ಕೆ ಗುಳೇದಗುಡ್ಡದ ಖಣ ತೆಗೆದುಕೊಂಡರೆ ಹಗುರವಾದ ಉಡುಗೊರೆಯೂ ಆಗುತ್ತದೆ. ಕಸೂತಿಯ ವಿಷಯದಲ್ಲಿ ನಾನೇ ಒಮ್ಮೆ ಮೋಸಹೋಗಿದ್ದೇನೆ. ಕೈಕಸೂತಿ ಎಂದು ಹೇಳಿ ಕೊಟ್ಟ ಸೀರೆಯನ್ನು ಮನೆಗೆ ತಂದು ಮಗುಚಿ ನೋಡಿದಾಗ ಹಿಂಬದಿಯಲ್ಲಿ ಯಂತ್ರದ ದಾರಗಳ ಸಿಕ್ಕು ಕಾಣಿಸಿತು. ಗವಂತಿ ಮತ್ತು ಮುರಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು, ಗಂಟು ಇರಬಾರದು. ಅಂದಿನಿಂದ ನಾನು ಹಿಂಬದಿಯನ್ನೇ ಮೊದಲು ನೋಡುತ್ತೇನೆ.

ಸಮಯವಿದ್ದರೆ ಹುಬ್ಬಳ್ಳಿಯ ಬೆಂಗೇರಿಗೂ ಹೋಗಿಬನ್ನಿ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಇಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನ್ಯತೆಯೊಂದಿಗೆ ಖಾದಿಯ ರಾಷ್ಟ್ರಧ್ವಜಗಳನ್ನು ಸಿದ್ಧಪಡಿಸುತ್ತದೆ. 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಧ್ವಜಗಳಿಗೂ ಅವಕಾಶ ಸಿಕ್ಕ ಮೇಲೆ, ಇಲ್ಲಿ ಕೊಳ್ಳುವ ಒಂದು ಸಣ್ಣ ಖಾದಿ ಧ್ವಜಕ್ಕೂ ಮಹತ್ವ ಹೆಚ್ಚು ಎಂದು ನನ್ನ ಭಾವನೆ.

ಧಾರವಾಡವನ್ನು ಕೊನೆಯ ದಿನದ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಸುಭಾಸ ರಸ್ತೆಯ ಪುಸ್ತಕದಂಗಡಿಗಳಲ್ಲಿ ಒಂದು ಗಂಟೆ ಸಾಲದು, 1933ರಲ್ಲಿ ಜಿ. ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಮಹಡಿ ಕೋಣೆ ‘ಅಟ್ಟ’ ಇರುವುದೂ ಇದೇ ರಸ್ತೆಯಲ್ಲಿ. ಅಲ್ಲಿಂದ ಲೈನ್ ಬಜಾರಿಗೆ ಹೋಗಿ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ 19ನೆಯ ಶತಮಾನದಲ್ಲಿ ಬಂದು ನೆಲೆಸಿದ ಠಾಕೂರ್ ಮನೆತನದವರ ಪೇಡೆ ಅಂಗಡಿ ಅಲ್ಲಿದೆ. ಅಲ್ಲಿ ಸಾಲು ಇರುವುದುಂಟು, ಮಾಲು ಮುಗಿದುಹೋಗುವುದೂ ಉಂಟು. ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಹಿಂದಿನ ದಿನವೇ ವಿಚಾರಿಸಿಕೊಂಡು ಬೇಗ ಹೋಗಿ. ಸಿಗದಿದ್ದರೆ ಮಿಶ್ರಾ ಪೇಡೆ ಎರಡೂ ಊರುಗಳಲ್ಲಿ ಸಿಗುತ್ತದೆ. ಖೋವಾವನ್ನು ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದು, ನೀರಿನಂಶ ಹೋದಮೇಲೆ ಉಂಡೆ ಕಟ್ಟಿ ಸಕ್ಕರೆಯಲ್ಲಿ ಹೊರಳಿಸುವುದರಿಂದ ಈ ಪೇಡೆ ಪ್ರಯಾಣಕ್ಕೆ ಅಂಜುವುದಿಲ್ಲ. ಆದರೆ ಡಬ್ಬಿಯನ್ನು ಚೀಲದ ತಳಕ್ಕೆ ಹಾಕದೆ, ಸೀರೆಗಳ ಮೇಲೆ ಇಡಿ. ಮೇಲಿನ ಸಕ್ಕರೆ ಉದುರಿದರೆ ಡಬ್ಬಿಯೊಳಗೇ ಉಳಿಯುವಂತೆ ಅಂಗಡಿಯವರಿಂದ ದಾರ ಬಿಗಿಯಾಗಿ ಕಟ್ಟಿಸಿಕೊಳ್ಳಿ.