ಚೀರಾಟವೆಲ್ಲ ಜಗಳವಲ್ಲ: ಜೋಡಿ ಹ್ಯಾಮ್‌ಸ್ಟರ್‌ಗಳನ್ನು ಅರಿಯುವುದು ಹೇಗೆ?

ಡ್ವಾರ್ಫ್ (ಕುಳ್ಳ) ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪುಟ್ಟ ಸಾಕುಪ್ರಾಣಿಗಳ ಜೋಡಿಯನ್ನು ಹೊಸದಾಗಿ ಮನೆಗೆ ತಂದವರಲ್ಲಿ ಎರಡು ಬಗೆ. ಕೆಲವರು ಮೊದಲ ರಾತ್ರಿಯ ಚೀರಾಟಕ್ಕೇ ಬೆದರಿ ಎರಡನ್ನೂ ಬೇರೆ ಮಾಡುತ್ತಾರೆ. ಉಳಿದವರು ‘ಆಡಿಕೊಳ್ಳುತ್ತಿವೆ, ಬಿಡಿ’ ಎಂದು ಸುಮ್ಮನಿದ್ದು, ಕೆಲವು ವಾರಗಳ ಬಳಿಕ ಕಿವಿ ಹರಿದ ಪ್ರಾಣಿಯನ್ನು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ವೈದ್ಯರನ್ನು ಹುಡುಕುತ್ತಾರೆ. ಜಯನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿಯೇ ಎರಡೂ ಬಗೆಯವರನ್ನು ಕಂಡಿದ್ದೇನೆ.

ಮೊದಲು, ತಂದಿರುವುದು ಏನೆಂದು ಖಚಿತಪಡಿಸಿಕೊಳ್ಳಬೇಕು. ಅಂಗಡಿಗಳಲ್ಲಿ ಎಲ್ಲಕ್ಕೂ ‘ಹ್ಯಾಮ್‌ಸ್ಟರ್’ ಎಂಬ ಒಂದೇ ಹೆಸರು. ಬೆಳೆದಾಗ ನೂರು ಗ್ರಾಂ ಮೀರುವ ಸಿರಿಯನ್ ಹ್ಯಾಮ್‌ಸ್ಟರ್ ಒಂಟಿ ಪ್ರಾಣಿ. ಅದರ ಜೊತೆಗೆ ಇನ್ನೊಂದನ್ನು ಇಡಲೇಬಾರದು. ಡ್ವಾರ್ಫ್‌ಗಳಲ್ಲಿ ಕ್ಯಾಂಪ್‌ಬೆಲ್, ವಿಂಟರ್ ವೈಟ್ ಮತ್ತು ಎಲ್ಲಕ್ಕಿಂತ ಪುಟ್ಟದಾದ ರೋಬೊರೋವ್‌ಸ್ಕಿ ಜಾತಿಯವು ಮಾತ್ರ, ಅದೂ ಒಂದೇ ಜಾತಿಯ, ಒಂದೇ ಲಿಂಗದ, ಒಂದೇ ಸೂಲಿನ ಮರಿಗಳಾದರೆ, ಕೂಡಿ ಬಾಳುವ ಸಾಧ್ಯತೆ ಉಂಟು. ಲಿಂಗವನ್ನು ಅಂಗಡಿಯವರ ಮಾತಿನ ಮೇಲೆ ನಂಬಬೇಡಿ. ಬಾಲದಡಿಯ ಎರಡು ರಂಧ್ರಗಳು ಹೆಣ್ಣಿನಲ್ಲಿ ಒತ್ತೊತ್ತಾಗಿಯೂ ಗಂಡಿನಲ್ಲಿ ಎದ್ದುಕಾಣುವಷ್ಟು ದೂರದಲ್ಲಿಯೂ ಇರುತ್ತವೆ. ‘ಅಕ್ಕತಂಗಿಯರು’ ಎಂದು ನನಗೆ ಕೊಟ್ಟ ಜೋಡಿ ಮೂರೇ ವಾರಗಳಲ್ಲಿ ಮರಿ ಹಾಕಿತು. ಇವುಗಳ ಗರ್ಭಾವಧಿ ಸುಮಾರು 18ರಿಂದ 21 ದಿನ. ಹೆತ್ತ ದಿನವೇ ಹೆಣ್ಣು ಮತ್ತೆ ಗರ್ಭ ಧರಿಸಬಲ್ಲುದು.

ಎರಡನೆಯದು ಗೂಡು. ಸುಮಾರು 100 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಒಂದೇ ಅಂತಸ್ತಿನ ಗೂಡಿರಲಿ, ಅದರಲ್ಲಿ ಎಲ್ಲವೂ ಎರಡೆರಡಿರಲಿ: ಚಕ್ರ, ನೀರಿನ ಬಾಟಲಿ, ಹೊರಳಿ ಮೈ ಶುಚಿ ಮಾಡಿಕೊಳ್ಳಲು ಮರಳಿನ ತಟ್ಟೆ, ಮತ್ತು ಎರಡು ಬಾಗಿಲುಳ್ಳ ಅಡಗುಮನೆ. ಒಂದೇ ಬಾಗಿಲಿನ ಅಡಗುಮನೆ ಅಟ್ಟಿಸಿಕೊಂಡು ಬಂದ ಪ್ರಾಣಿಗೆ ಬೋನಾಗುತ್ತದೆ. ಬಣ್ಣಬಣ್ಣದ ಪ್ಲಾಸ್ಟಿಕ್ ಕೊಳವೆಗಳ ಗೂಡಿನಲ್ಲಿಯೂ ಅದೇ ಆಗುವುದರಿಂದ ಅದಕ್ಕೆ ದುಡ್ಡು ಸುರಿಯಬೇಡಿ. ಹಾಸಿಗೆಯೆಂದು ಮಾರುವ ಹತ್ತಿಯ ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಸ್ನಾನದ ಮರಳೆಂದು ಮಾರುವ ನುಣ್ಣನೆಯ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ಇವೆರಡೂ ಮನೆಯೊಳಗೇ ಬರಬಾರದು.

ಮೂರು ದಿನ ಮುಟ್ಟದೆ ಬಿಡಿ.

ಇನ್ನು ಮುಖ್ಯವಾದ ಕೆಲಸ, ರಾತ್ರಿಯ ಕಾವಲು. ಇವು ಮುಸ್ಸಂಜೆಯಿಂದ ಚುರುಕಾಗುವ ಪ್ರಾಣಿಗಳಾದ್ದರಿಂದ ಹಗಲಿನ ನೋಟದಿಂದ ಏನೂ ತಿಳಿಯದು. ಟಾರ್ಚಿಗೆ ಕೆಂಪು ಕಾಗದ ಸುತ್ತಿ, ರಾತ್ರಿ ಹತ್ತರ ಮೇಲೆ ಅರ್ಧ ಗಂಟೆ ಗೂಡಿನ ಪಕ್ಕದಲ್ಲಿ ಅಲುಗದೆ ಕುಳಿತುಕೊಳ್ಳಿ; ಮಂದವಾದ ಕೆಂಪು ಬೆಳಕು ಅವುಗಳನ್ನು ಅಷ್ಟಾಗಿ ಬಾಧಿಸದು. ಒಂದು ಇನ್ನೊಂದರ ಹಿಂದೆ ಓಡುತ್ತದೆ, ಓಡಿದ್ದು ತಟಕ್ಕನೆ ಅಂಗಾತ ಬಿದ್ದು ಹೊಟ್ಟೆ ತೋರಿಸಿ ಕಿರುಚುತ್ತದೆ, ಮೇಲೆ ನಿಂತದ್ದು ಮೂಸಿ ನೋಡಿ ತನ್ನ ಪಾಡಿಗೆ ಹೊರಟುಹೋಗುತ್ತದೆ. ಇದು ಜಗಳವಲ್ಲ, ಯಾರು ಮೇಲು ಎಂಬ ತೀರ್ಮಾನ. ಎರಡೂ ಹಿಂಗಾಲಿನ ಮೇಲೆ ನಿಂತು ಮುಂಗೈ ಆಡಿಸುವುದು, ಒಂದು ಹೊಟ್ಟೆಯನ್ನು ನೆಲಕ್ಕೆ ಉಜ್ಜುತ್ತ ಸಾಗುವುದು ಸಹ ಆತಂಕದ ಸಂಗತಿಗಳಲ್ಲ. ಹೊಟ್ಟೆಯ ನಡುವಿನ ಗ್ರಂಥಿಯಿಂದ ಅದು ತನ್ನ ವಾಸನೆಯ ಗುರುತು ಹಾಕುತ್ತಿರುತ್ತದೆ. ಗಮನಿಸಬೇಕಾದದ್ದು ಕಿರುಚಾಟದ ಗಟ್ಟಿತನವನ್ನಲ್ಲ, ಸೋತದ್ದು ಕೆಳಗೆ ಬಿದ್ದ ಮೇಲೆ ಗೆದ್ದದ್ದು ಬಿಟ್ಟುಹೋಗುತ್ತದೆಯೇ ಎಂಬುದನ್ನು. ಬಿಡದೆ ಕಚ್ಚಿದರೆ, ಎರಡೂ ಉಂಡೆಯಂತೆ ಉರುಳಿದರೆ, ರಕ್ತ ಕಂಡರೆ, ಅಲ್ಲಿಗೆ ಸಹವಾಸ ಮುಗಿಯಿತು.

ಆದರೆ ಜನರು ನಿಜವಾಗಿ ಎಡವುವುದು ಸದ್ದಿಲ್ಲದ ಕಿರುಕುಳದಲ್ಲಿ. ನನ್ನ ಬಳಿಯಿದ್ದ ಇನ್ನೊಂದು ಜೋಡಿಯಲ್ಲಿ ಒಂದು ದಿನವೂ ಕಾದಾಟವಾಗಲಿಲ್ಲ. ದೊಡ್ಡದು ನೀರಿನ ಬಾಟಲಿಯ ಮುಂದೆ ಸುಮ್ಮನೆ ಕುಳಿತಿರುತ್ತಿತ್ತು. ಚಿಕ್ಕದು ಅಡಗುಮನೆಯ ಬಾಗಿಲಲ್ಲಿ ಮೂಗು ಹೊರಗಿಟ್ಟು, ಮೀಸೆ ಅಲುಗಿಸಿ, ಮತ್ತೆ ಒಳಗೆ ಸರಿಯುತ್ತಿತ್ತು. ಒಂದೇ ರಾತ್ರಿ ಹೀಗೆ ಏಳು ಬಾರಿ ಎಣಿಸಿದೆ. ಆಗ ನಾನು ಇಟ್ಟಿದ್ದದ್ದು ಒಂದೇ ಬಾಟಲಿ. ಆದ್ದರಿಂದ ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೆರಡು ಬಾರಿ ಎರಡನ್ನೂ ತೂಗಿ ಬರೆದಿಡಿ. ಒಂದರ ತೂಕ ಏರುತ್ತಿದ್ದು ಇನ್ನೊಂದರದು ಇಳಿಯುತ್ತಿದ್ದರೆ ಕಣ್ಣಿಗಿಂತ ತಕ್ಕಡಿಯನ್ನೇ ನಂಬಿ. ಬಾಲದ ಬುಡದಲ್ಲಿಯೂ ಕಿವಿಯಂಚಿನಲ್ಲಿಯೂ ಗಾಯವಿದೆಯೇ ಎಂದು ತೂಗುವಾಗಲೇ ನೋಡಿಬಿಡಬಹುದು. ಬೇರೆ ಬೇರೆ ಮಲಗಿದವೆಂದ ಮಾತ್ರಕ್ಕೆ ಹಗೆಯೆಂದು ತಿಳಿಯಬೇಕಿಲ್ಲ. ಬೆಂಗಳೂರಿನ ಏಪ್ರಿಲ್ ಬಿಸಿಲಿಗೆ ಕೊನೆಯ ಮಹಡಿಯ ಮನೆಗಳು ಕಾದಾಗ ಎಷ್ಟೇ ಅನ್ಯೋನ್ಯವಾಗಿರುವ ಜೋಡಿಯೂ ದೂರ ಮಲಗಬಹುದು.

ಗೂಡು ತೊಳೆಯುವುದರಲ್ಲಿಯೂ ಎಚ್ಚರ ಬೇಕು. ಭಾನುವಾರ ಎಲ್ಲವನ್ನೂ ಸೋಪು ಹಾಕಿ ತಿಕ್ಕಿದ ಮನೆಗಳಲ್ಲಿಯೇ ಭಾನುವಾರ ರಾತ್ರಿ ಜಗಳ ಹೊತ್ತಿಕೊಳ್ಳುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಪರಿಚಿತ ವಾಸನೆ ಅಳಿದೊಡನೆ ಗೂಡು ಅವುಗಳ ಪಾಲಿಗೆ ಹೊಸ ಜಾಗವಾಗಿ, ಹಕ್ಕಿನ ಹೋರಾಟ ಮೊದಲಿನಿಂದ ಶುರುವಾಗುತ್ತದೆ. ಒದ್ದೆಯಾದ ಭಾಗವನ್ನಷ್ಟೇ ತೆಗೆದು, ಹಳೆಯ ಹಾಸಿನ ಬಹುಪಾಲನ್ನು ಉಳಿಸಿಕೊಳ್ಳಿ. ಕಾಳನ್ನು ಬಟ್ಟಲಿಗೆ ಹಾಕುವ ಬದಲು ಗೂಡಿನ ತುಂಬ ಚೆಲ್ಲಿ. ಕಾಯಲು ಬಟ್ಟಲೇ ಇಲ್ಲದಿದ್ದರೆ ಕಾವಲುಗಾರನೂ ಇರುವುದಿಲ್ಲ. ಒಂದೆರಡು ನವಣೆ ತೆನೆಗಳನ್ನು ದೂರ ದೂರ ನೆಡುವುದು ನನಗೆ ಇಷ್ಟವಾದ ಉಪಾಯ.

ಕಾದಾಡುತ್ತಿರುವಾಗ ಬರಿಗೈ ಹಾಕಬೇಡಿ. ಒಂದರ ಮೇಲೆ ಲೋಟ ಬೋರಲು ಹಾಕಿ, ಇನ್ನೊಂದನ್ನು ದಪ್ಪ ಬಟ್ಟೆಯಲ್ಲಿ ಎತ್ತಿ. ಬೇರೆ ಮಾಡಿದ ಮೇಲೆ ‘ಎರಡು ದಿನ ಬಿಟ್ಟು ನೋಡೋಣ’ ಎಂಬ ಪ್ರಯೋಗ ಸಲ್ಲದು, ಎರಡನೆಯ ಭೇಟಿ ಮೊದಲನೆಯದಕ್ಕಿಂತ ಘೋರವಾಗಿರುತ್ತದೆ. ಅದಕ್ಕಾಗಿಯೇ ಎರಡನೆಯ ಗೂಡನ್ನು ಜೋಡಿ ತರುವ ದಿನವೇ ಕೊಂಡು ಅಟ್ಟದ ಮೇಲಿಟ್ಟಿರಬೇಕು. ಒಂಟಿಯಾದದ್ದು ಕೊರಗುತ್ತದೆಂದು ನೆರೆಹೊರೆಯವರು ನನ್ನನ್ನೂ ಹೆದರಿಸಿದ್ದರು. ಬಾಗಿಲಲ್ಲಿ ಮೂಗು ಆಡಿಸುತ್ತಿದ್ದ ಆ ಚಿಕ್ಕದು ತನ್ನದೇ ಗೂಡು ಸಿಕ್ಕ ಎರಡನೆಯ ರಾತ್ರಿಯೇ ಚಕ್ರ ಹತ್ತಿತು. ಹತ್ತು ದಿನಗಳಲ್ಲಿ ನಾಲ್ಕು ಗ್ರಾಂ ಹೆಚ್ಚಾಯಿತು.